ಒಂದೇ ಊರಲ್ಲಿ ಐದು ಪ್ಯಾಟ್ರಿಕ್: ಐರ್ಲೆಂಡ್‌ನ ಹೆಸರಿನ ಗೋಜಲು

ಐರ್ಲೆಂಡ್‌ನಲ್ಲಿ ಮುತ್ತಾತನನ್ನು ಹುಡುಕಲು ಕೂತವರಿಗೆ ಅವನ ಹೆಸರು ಬೇಗ ಸಿಕ್ಕಿಬಿಡುತ್ತದೆ. ಎಷ್ಟು ಸಲ ಅಂದರೆ, ಒಂದೇ ಊರಲ್ಲಿ ನಾಲ್ಕೈದು ಸಲ. ಇವರಲ್ಲಿ ನಮ್ಮವನು ಯಾರು?

ಇದಕ್ಕೆ ಮೂಲ ಅಲ್ಲಿನ ಹೆಸರಿಡುವ ಪದ್ಧತಿ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಮೂರನೆಯವನಿಗೆ ಅಪ್ಪನದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡೋದು ನಮಗೂ ಹೊಸದಲ್ಲ, ಅಲ್ವಾ? ಸುಮ್ನೆ ಲೆಕ್ಕ ಹಾಕಿ: ಪ್ಯಾಟ್ರಿಕ್ ಎಂಬ ಮುದುಕನಿಗೆ ಐದು ಗಂಡುಮಕ್ಕಳು, ಐವರೂ ಚೊಚ್ಚಲ ಮಗನಿಗೆ ತಮ್ಮಪ್ಪನ ಹೆಸರಿಟ್ಟರೆ ಹೆಚ್ಚುಕಡಿಮೆ ಒಂದೇ ವಯಸ್ಸಿನ ಐದು ಪ್ಯಾಟ್ರಿಕ್. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರನ್ನು ಮತ್ತೆ ಇಡುವುದೂ ಇತ್ತು.

ಊರವರಿಗೆ ಗೊಂದಲವಿರಲಿಲ್ಲ. ಕೆಂಪು ಕೂದಲಿನವನು 'ರುವಾ', ತಿಳಿಬಣ್ಣದವನು 'ಬಾನ್', ಕಿರಿಯವನು 'ಓಗ್'. ರಯಾನ್ ಮನೆತನದವರೇ ತುಂಬಿದ್ದ ಟಿಪ್ಪರರಿ ಜಿಲ್ಲೆಯಲ್ಲಿ ಕುಟುಂಬದ ಕವಲುಗಳಿಗೇ ಅಡ್ಡಹೆಸರು ಅಂಟಿದ್ದವು. 1847ರಿಂದ 1864ರವರೆಗೆ ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿ ತೆರಿಗೆಗಾಗಿ ಜಮೀನು, ಮನೆಗಳ ಬೆಲೆ ಕಟ್ಟಿಸಿದಾಗ ಗುಮಾಸ್ತರೂ ಕೆಲವು ಹೆಸರುಗಳ ಪಕ್ಕ ಅಪ್ಪನ ಹೆಸರನ್ನೋ ಅಡ್ಡಹೆಸರನ್ನೋ ಬರೆದುಕೊಳ್ಳಬೇಕಾಯಿತು. ಆದರೆ ಆ ಪುಸ್ತಕದಲ್ಲಿ ಹೆಂಡತಿ ಮಕ್ಕಳ ವಿವರವಿಲ್ಲ, ಸಂಬಂಧ ತಿಳಿಯುವುದಿಲ್ಲ.

ಅದನ್ನು ಹೇಳಬೇಕಿದ್ದದ್ದು ಜನಗಣತಿ. ಅದರ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1861 ಮತ್ತು 1871ರದನ್ನು ಸರ್ಕಾರವೇ ನಾಶ ಮಾಡಿಸಿತು. 1881, 1891ರದು ಮೊದಲ ಮಹಾಯುದ್ಧದ ಕಾಗದದ ಬರಗಾಲದಲ್ಲಿ ರದ್ದಿಗೆ ಹೋಯಿತು. 1821ರಿಂದ 1851ರವರೆಗಿನ ನಾಲ್ಕು ಗಣತಿಗಳಲ್ಲಿ ಬಹುಪಾಲು 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಕಚೇರಿಯ ಜೊತೆ ಸುಟ್ಟುಹೋಯಿತು. ಆ ಬೆಂಕಿಗೆ ಮುಂಚಿನ ಗಣತಿಗಳಲ್ಲಿ ಪೂರ್ತಿ ಉಳಿದವು 1901 ಮತ್ತು 1911ರವು ಮಾತ್ರ.

ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಆಯಾ ಊರಲ್ಲೇ ಇದ್ದಿದ್ದರಿಂದ ಬಚಾವಾದವು. 2015ರಿಂದ ರಾಷ್ಟ್ರೀಯ ಗ್ರಂಥಾಲಯ ಅವುಗಳ ಚಿತ್ರಗಳನ್ನು ಉಚಿತವಾಗಿ ತೋರಿಸುತ್ತಿದೆ. ನನ್ನ ಪ್ರಕಾರ ಗಂಟು ಬಿಡಿಸುವ ಜಾಗ ಇದೇ. ಮಗುವಿನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆಯಲ್ಲಿ ತಾಯಿಯ ತವರು ಮನೆತನದ ಹೆಸರು ಸಾಮಾನ್ಯವಾಗಿ ಇರುತ್ತದೆ. ಇಬ್ಬರು ಪ್ಯಾಟ್ರಿಕ್‌ಗಳ ಹೆಂಡತಿಯರು ಬೇರೆ ಬೇರೆ ಮನೆತನದವರಾದರೆ ಅಲ್ಲೇ ಎರಡು ಕುಟುಂಬ ಬೇರೆಯಾಗುತ್ತವೆ. ಆ ವಿಧಿಯಲ್ಲಿ ಮಗುವಿನ ಪರವಾಗಿ ಗಾಡ್‌ಪೇರೆಂಟ್ಸ್ (ಧರ್ಮದ ತಂದೆತಾಯಿ) ಆಗಿ ನಿಂತವರು ಎಷ್ಟೋ ಸಲ ಮಗುವಿನ ಚಿಕ್ಕಪ್ಪ, ಸೋದರತ್ತೆಯರೇ. ಅವೇ ಹೆಸರುಗಳು ಎರಡು ಮನೆಗಳಲ್ಲಿ ಮರುಕಳಿಸಿದರೆ ಸಂಬಂಧದ ವಾಸನೆ ಹತ್ತಿತು ಅಂತಲೇ ಲೆಕ್ಕ.

ಇನ್ನೊಂದು ವಿಚಿತ್ರ ದಾರಿಯಿದೆ. 1909ರ ಜನವರಿಯಿಂದ 70 ದಾಟಿದ ಬಡವರಿಗೆ ವಾರಕ್ಕೆ ಐದು ಶಿಲ್ಲಿಂಗ್‌ವರೆಗೆ ಪಿಂಚಣಿ ಶುರುವಾಯಿತು. ಆದರೆ ಎಲ್ಲರ ಜನನ ನೋಂದಣಿ ಆರಂಭವಾಗಿದ್ದೇ 1864ರಲ್ಲಿ, ಮುದುಕರು ವಯಸ್ಸನ್ನು ಹೇಗೆ ತೋರಿಸಬೇಕು? ಅಪ್ಪ ಅಮ್ಮನ ಹೆಸರು, ಊರು ಬರೆದು ಅರ್ಜಿ ಹಾಕಿದರು, ಗುಮಾಸ್ತರು 1841 ಮತ್ತು 1851ರ ಗಣತಿ ಪುಸ್ತಕ ತೆರೆದು ಹುಡುಕಿದರು. ಪುಸ್ತಕಗಳು ಸುಟ್ಟವು, ಆ ಅರ್ಜಿಗಳು ಉಳಿದವು. ಗುಮಾಸ್ತ 'ಸಿಗಲಿಲ್ಲ' ಎಂದು ಬರೆದ ಹಾಳೆಯಲ್ಲೂ ಅಪ್ಪ ಅಮ್ಮನ ಹೆಸರು ಇದ್ದೇ ಇರುತ್ತದೆ.