ಸೇವೆ ಮಾಡುವಾಗಲೇ ಸಿಟ್ಟು ಬರುತ್ತದಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಕ್ರೈಸ್ತ ಸಭೆ. ಸುಗ್ಗಿ ಹಬ್ಬ, ಕ್ರಿಸ್‌ಮಸ್, ಸಭೆಯವರೆಲ್ಲ ಒಟ್ಟಿಗೆ ಉಣ್ಣುವ ಪ್ರೇಮಭೋಜನ, ಏನೇ ಬಂದರೂ ಅಡುಗೆ ನನ್ನ ತಲೆಗೇ. ವರ್ಷಗಳಿಂದ ಹೀಗೇ. ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ, ಊಟಕ್ಕೆ ಮಾತ್ರ ಮೊದಲ ಪಂಕ್ತಿಯಲ್ಲಿ ಕೂತಿರುತ್ತಾರೆ. ಅಲ್ಲಿ ನಗುನಗುತ್ತಾ ಬಡಿಸುತ್ತೇನೆ. ಮನೆಗೆ ಬಂದು ಸೊಸೆ ಮೇಲೆ ಕೂಗಾಡುತ್ತೇನೆ. ಕೋಪ ಪಾಪ ಅಂತಾರಲ್ಲ, ಇಂಥ ಸೇವೆಯನ್ನು ದೇವರು ಒಪ್ತಾನಾ? ಬಿಟ್ಟುಬಿಡಲಾ?

ಉತ್ತರ: ಅಕ್ಕಾ, ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನ್ನ ಹತ್ತಿರ ಬರುತ್ತಲೇ ಇರುತ್ತದೆ. ಕೇಳುವವರೆಲ್ಲ ಕೆಲಸ ಮಾಡುವವರೇ. ಒಂದು ಕುರ್ಚಿ ಎತ್ತಿಡದವರು, ಒಂದು ಪಾತ್ರೆ ತೊಳೆಯದವರು ಇದನ್ನು ಕೇಳಿದ್ದು ನನಗೆ ನೆನಪಿಲ್ಲ.

ಸತ್ಯವೇದ, ಅಂದರೆ ಬೈಬಲ್, ತೆರೆದರೂ ಅದೇ ಕಾಣುತ್ತದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದ ಮಾರ್ಥಳನ್ನೇ ನೋಡಿ. ಮನೆಗೆ ಯೇಸು ಬಂದಿದ್ದಾನೆ, ಜೊತೆಗೆ ಶಿಷ್ಯರೂ ಇದ್ದಿರಬೇಕು. ಒಲೆ ಮುಂದೆ ಇರುವವಳು ಇವಳೊಬ್ಬಳು. ತಂಗಿ ಮರಿಯ ಯೇಸುವಿನ ಪಾದದ ಹತ್ತಿರ ಆರಾಮಾಗಿ ಕೂತು ಮಾತು ಕೇಳ್ತಿದ್ದಾಳೆ. ಮಾರ್ಥ ತಂಗಿಯನ್ನು ಬೈಯಲಿಲ್ಲ, ನೆಟ್ಟಗೆ ಅತಿಥಿಯ ಹತ್ತಿರವೇ ಹೋದಳು. 'ಇವಳು ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ, ನಿನಗೆ ಚಿಂತೆಯೇ ಇಲ್ವಾ? ನನಗೆ ಸಹಾಯ ಮಾಡು ಅಂತ ಅವಳಿಗೆ ಹೇಳು' ಅಂದಳು. ದೇವರ ಮಗನಿಗೇ ಕೆಲಸ ಹೇಳಿದ ಹೆಂಗಸು!

ಅದೇ ಲೂಕನ 15ನೇ ಅಧ್ಯಾಯದಲ್ಲಿ ಇನ್ನೊಬ್ಬ ಇದ್ದಾನೆ. ಮನೆ ಬಿಟ್ಟು ಹೋಗಿದ್ದ ತಮ್ಮ ವಾಪಸ್ ಬಂದ. ಅಪ್ಪ ಹಬ್ಬ ಮಾಡಿಸಿದ. ಹೊಲದಿಂದ ಬಂದ ಅಣ್ಣನಿಗೆ ಸಿಟ್ಟು ಬಂತು, ಒಳಗೆ ಕಾಲಿಡಲಿಲ್ಲ. ಅವನ ಬಾಯಿಂದ ಬಂದ ಮಾತು: 'ಇಷ್ಟು ವರ್ಷ ನಿನ್ನ ಚಾಕರಿ ಮಾಡಿದೆ. ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ?' ಆ ಆಡಿನ ಮರಿಯ ಲೆಕ್ಕ ಅವನ ಮನಸ್ಸಿನಲ್ಲಿ ಎಷ್ಟು ವರ್ಷದಿಂದ ಇತ್ತೋ! ತಮ್ಮನನ್ನು ತಮ್ಮ ಅಂತಲೂ ಕರೆಯಲಿಲ್ಲ. 'ಈ ನಿನ್ನ ಮಗ' ಅಂದ.

ಇನ್ನೂ ಒಂದಿದೆ. 'ನಾನು ಸೇವೆ ಮಾಡಿಸಿಕೊಳ್ಳುವುದಕ್ಕೆ ಬಂದವನಲ್ಲ, ಸೇವೆ ಮಾಡುವುದಕ್ಕೆ ಬಂದವನು' ಎಂಬ ಯೇಸುವಿನ ಮಾತು ನಮಗೆಲ್ಲ ಬಾಯಿಪಾಠ. ಅದನ್ನು ಎಷ್ಟೋ ಸಭೆಗಳಲ್ಲಿ ಗೋಡೆಯ ಮೇಲೂ ಬರೆಸಿರುತ್ತಾರೆ. ಅದು ಯಾವ ಸಂದರ್ಭದಲ್ಲಿ ಬಂತು ಅಂತ ಮಾರ್ಕ 10ರಲ್ಲಿ ಓದಿ. ಶಿಷ್ಯರಾದ ಯಾಕೋಬ ಮತ್ತು ಯೋಹಾನ ಇಬ್ಬರೂ ಬಂದು ಯೇಸುವಿನ ಎಡ ಬಲದ ಕುರ್ಚಿ ಕೇಳಿದರು. ಅದು ಗೊತ್ತಾಗಿ ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ನೆತ್ತಿಗೇರಿತು. ಆ ಜಗಳದ ನಡುವೆ ಯೇಸು ಅವರನ್ನು ಕರೆದು ಹೇಳಿದ ಮಾತು ಅದು.

ಹಾಗಾಗಿ ಸಿಟ್ಟು ಬಂದ ಮಾತ್ರಕ್ಕೆ ನಿಮ್ಮ ಸೇವೆ ಹಾಳಾಯಿತು ಅಂತ ನಾನು ಹೇಳುವುದಿಲ್ಲ. ಸೇವೆ ಇದ್ದ ಕಡೆ ಲೆಕ್ಕವೂ ಸುಮ್ನೆ ಬಂದು ಕೂರುತ್ತದೆ. ಯಾರು ಎಷ್ಟು ಮಾಡಿದರು, ಯಾರು ಮಾಡಲಿಲ್ಲ, ಯಾರು ಹೊಗಳಿಸಿಕೊಂಡರು. ಲೆಕ್ಕ ಬೆಳೆದು ಸಿಟ್ಟಾಗುತ್ತದೆ.

ಹಾಗಾದರೆ ಕೋಪ ಪಾಪವೇ? ಎಫೆಸದವರಿಗೆ ಬರೆದ ಪತ್ರದ 4:26 'ಕೋಪ ಬಂದರೂ ಪಾಪ ಮಾಡಬೇಡಿ' ಎನ್ನುತ್ತದೆ. ಎರಡೂ ಒಂದೇ ಆಗಿದ್ದರೆ ಹೀಗೆ ಹೇಳುವ ಅಗತ್ಯ ಇರಲಿಲ್ಲ ಅಲ್ವಾ? ಯೇಸುವಿಗೂ ಕೋಪ ಬಂದಿತ್ತು. ಮಾರ್ಕ 3:5ರಲ್ಲಿ ಅದನ್ನು ಬಿಡಿಸಿಯೇ ಬರೆದಿದೆ. ಕೈ ಬತ್ತಿದವನೊಬ್ಬ ಎದುರಿಗೆ ನಿಂತಿದ್ದಾನೆ, ಸುತ್ತಲಿನವರು ಸಬ್ಬತ್ತಿನ ದಿನ ಕೆಲಸ ಮಾಡಬಾರದು ಎಂಬ ನಿಯಮ ಹಿಡಿದು ಕಾಯುತ್ತಿದ್ದಾರೆ. ಯೇಸು ಅವರನ್ನು ಕೋಪದಿಂದ ನೋಡಿದ, ಅವರ ಮನಸ್ಸು ಕಲ್ಲಾಗಿದ್ದಕ್ಕೆ ದುಃಖಪಟ್ಟ, ಆಮೇಲೆ ಆ ಕೈ ವಾಸಿ ಮಾಡಿದ. ಕೋಪ, ದುಃಖ, ಕೆಲಸ ಮೂರೂ ಒಂದೇ ಉಸಿರಿನಲ್ಲಿ. ನನ್ನ ಕೋಪದಲ್ಲಿ ಆ ನಡುವಿನದು ಇರುವುದೇ ಅಪರೂಪ.

ಎಫೆಸದ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಸೂರ್ಯ ಮುಳುಗುವ ಮುಂಚೆ ನಿಮ್ಮ ಸಿಟ್ಟು ತೀರಲಿ, ಅಂತ ಮುಂದುವರಿಯುತ್ತದೆ. ಮಳೆಗಾಲದ ಆಗುಂಬೆಯಲ್ಲಿ ಈ ವಚನ ಪಾಲಿಸುವುದು ಹೇಗೆ ಅಂತ ನಮ್ಮ ಸಂಡೇ ಸ್ಕೂಲಿನ ಹುಡುಗನೊಬ್ಬ ಕೇಳಿದ್ದ. ಆಷಾಢದಲ್ಲಿ ಅಲ್ಲಿ ಸೂರ್ಯ ಹುಟ್ಟಿದ್ದೂ ಕಾಣುವುದಿಲ್ಲ, ಮುಳುಗಿದ್ದೂ ಕಾಣುವುದಿಲ್ಲ! ನಗು ಬಂತು. ಆದರೆ ಸೂರ್ಯನೇ ಯಾಕೆ ಬಂದ ಅನ್ನುವುದು ಒಳ್ಳೆಯ ಪ್ರಶ್ನೆ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24:15ರಲ್ಲಿ ಇದೇ ಗಡುವು ಇನ್ನೊಂದು ವಿಷಯಕ್ಕೆ ಇದೆ. ಕೂಲಿಯವನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮುಂಚೆ ಕೊಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಎನ್ನುತ್ತದೆ. ಅಡಿಕೆ ಸುಗ್ಗಿಯಲ್ಲಿ ಸಂಜೆ ಲೆಕ್ಕ ನಾಳೆಗೆ ಹಾಕಿದರೆ ಸುಲಿಯುವವರ ಮುಖ ಹೇಗಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಿಟ್ಟೂ ಹಾಗೆ ಯಾರಿಗೋ ಸಲ್ಲಬೇಕಾದ ಬಾಕಿ. ಕನ್ನಡದ 'ತೀರಲಿ' ಎಂಬ ಮಾತು ಇಲ್ಲಿ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಸಾಲ ತೀರುತ್ತದೆ, ಸಿಟ್ಟೂ ತೀರುತ್ತದೆ. ನಾವು ಮಾತ್ರ ಅದನ್ನು 'ತೀರಿಸಿಕೊಳ್ಳಿ' ಅಂತ ಓದಿಕೊಳ್ಳುತ್ತೇವೆ.

ಈಗ ನಿಮ್ಮ ಸೊಸೆಯ ವಿಷಯಕ್ಕೆ ಬರೋಣ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ. ನಿಮ್ಮ ಮನೆಯಲ್ಲಿ ಅದು ಸಭೆಯ ಮೇಲಿನ ಕೋಪ ಸೊಸೆ ಮೇಲೆ ಆಗಿದೆ. ಬೇಜಾರು ಮಾಡ್ಕೋಬೇಡಿ, ನಾನೂ ಇದನ್ನೇ ಮಾಡಿದವನು. ಒಂದು ಡಿಸೆಂಬರ್‌ನಲ್ಲಿ ಆರಾಧನೆ ಮುಗಿದ ಮೇಲೆ ಕುರ್ಚಿಗಳನ್ನೆಲ್ಲ ಒಬ್ಬನೇ ಎತ್ತಿಟ್ಟು ಮನೆಗೆ ಬಂದೆ. ಹೆಂಡತಿ 'ಕಾಫಿ ಮಾಡ್ಲಾ?' ಅಂದಳು. ಅಷ್ಟಕ್ಕೇ ಹಾರಾಡಿದೆ. ಅವಳು ಸುಮ್ಮನೆ ಒಳಗೆ ಹೋದಳು. ಕುರ್ಚಿ ಎತ್ತದ ಒಬ್ಬರಿಗೂ ನಾನು ಒಂದು ಮಾತು ಹೇಳಿರಲಿಲ್ಲ. ಅವರ ಎದುರಿಗೆಲ್ಲ ನಗುತ್ತಾ 'ಪರವಾಗಿಲ್ಲ ಬಿಡಿ, ನಾನು ನೋಡ್ಕೋತೀನಿ' ಅಂದಿದ್ದೆ. ಈ 'ಪರವಾಗಿಲ್ಲ ಬಿಡಿ' ಇದೆಯಲ್ಲ, ನಮ್ಮ ಮಲೆನಾಡಿನವರ ದೊಡ್ಡ ರೋಗ. ಎದುರಿಗೆ ಸೌಜನ್ಯ, ಒಳಗೆ ಕುದಿ.

ಮತ್ತಾಯ 5:23–24ರಲ್ಲಿ ಯೇಸು ಹೇಳಿದ್ದು ಈ ಜಾಗಕ್ಕೆ ಸರಿಯಾಗಿ ತಾಗುತ್ತದೆ. ಬಲಿಪೀಠಕ್ಕೆ ಕಾಣಿಕೆ ತಂದಿದ್ದೀಯ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಅಂತ ನೆನಪಾಯಿತು, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು. ಗಮನಿಸಿ, ನಿನಗೆ ಅವನ ಮೇಲೆ ಬೇಸರವಿದ್ದರೆ ಅಂತ ಅಲ್ಲಿ ಇಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ. ಯೇಸು ಈ ಮಾತು ಹೇಳಿದ್ದು ಗಲಿಲಾಯದಲ್ಲಿ. ಬಲಿಪೀಠ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ. ಗಾಜನೂರು, ಮಂಡಗದ್ದೆ ದಾಟಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ನಡೆದು, ಮತ್ತೆ ನಡೆದೇ ವಾಪಸ್ ಬಂದಷ್ಟು. ಕೇಳಿದ ರೈತರಿಗೆ, ಮೀನುಗಾರರಿಗೆ ಅದು ಎಷ್ಟು ದಿನದ ದಾರಿ ಅಂತ ಗೊತ್ತಿತ್ತು. ಅಷ್ಟು ದೂರ ಬಂದವನನ್ನು ಮನೆಗೆ ವಾಪಸ್ ಕಳಿಸುವ ಮಾತು ಅದು.

ನಿಮಗೆ ಅಷ್ಟು ದೂರ ಇಲ್ಲ. ಜಗಲಿಯಿಂದ ಅಡುಗೆಮನೆಯಷ್ಟೇ. 'ನಿನ್ನ ತಪ್ಪಿಲ್ಲದೆ ಕೂಗಾಡಿದೆ ಕಣಮ್ಮ' ಅಂತ ಒಂದು ಮಾತು. ಅತ್ತೆಯಾದವಳು ಸೊಸೆಗೆ ಹಾಗೆ ಹೇಳುವುದುಂಟಾ ಅಂತ ಅನ್ನಿಸಬಹುದು. ಕಷ್ಟವೇ. ಪಾಯಸ ಮಾಡಿಕೊಟ್ಟು ಅದರಲ್ಲೇ ಮುಗಿಸುವ ಉಪಾಯ ನಮ್ಮ ಮನೆಗಳಲ್ಲಿ ಇದೆ, ಆದರೆ ಪಾಯಸ ಮಾತಾಡುವುದಿಲ್ಲ. ಬಾಯಿಬಿಟ್ಟು ಹೇಳಿ.

ಸಭೆಯವರ ಹತ್ತಿರವೂ ಮಾತಾಡಬೇಕು. ಇದನ್ನು ಬೇಗ ಮಾಡಿ. ಜಗಳದ ಶುರು ಅಂದರೆ ಏರಿಯಿಂದ ನೀರು ಹರಿಯಬಿಟ್ಟ ಹಾಗೆ ಎಂದು ಜ್ಞಾನೋಕ್ತಿ 17:14 ಹೇಳುತ್ತದೆ. ಗದ್ದೆಯ ಅಂಚಿಗೆ ಏಡಿ ಬಿಲ ತೋಡಿದ್ದನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಬೆರಳಷ್ಟು ಇದ್ದಾಗ ಒಂದು ಹಿಡಿ ಕೆಸರು ಮೆತ್ತಿದರೆ ಆಯಿತು. ಸಂಜೆಗೆ ಅಂಚೇ ಇರುವುದಿಲ್ಲ. ಹೇಳುವಾಗ 'ನೀವ್ಯಾರೂ ಬರೋದೇ ಇಲ್ಲ' ಅಂತ ಶುರು ಮಾಡಬೇಡಿ. 'ನನ್ನೊಬ್ಬಳ ಕೈಲಿ ಆಗ್ತಿಲ್ಲ' ಅನ್ನಿ. ಅದು ನಿಜವೂ ಹೌದು. ಸಭೆಯ ಪಾಸ್ಟರ್ ಅಯ್ಯನವರ ಕಿವಿಗೂ ಹಾಕಿ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಎಲ್ಲ ಸಿಟ್ಟನ್ನೂ ತಣ್ಣಗೆ ಮಾಡಿಸುವುದೇ ಭಕ್ತಿ ಅಂತ ತಿಳಿಯಬೇಡಿ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರದ 5:4 ಹೇಳುತ್ತದೆ. ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಕೋಪಕ್ಕೆ ನಿಧಾನವಾಗಿರಿ ಅಂತಲೂ ಇದೆ. ಎರಡೂ ಬೇಕು. ಮನೆಯಲ್ಲಿ ಗಂಡನಿಂದ ಹೊಡೆತ ತಿನ್ನುವ ಹೆಣ್ಣುಮಗಳಿಗೆ 'ಸೂರ್ಯ ಮುಳುಗುವ ಮುಂಚೆ ಸಿಟ್ಟು ಬಿಡು' ಅಂತ ಉಪದೇಶ ಮಾಡುವವರನ್ನು ನಾನು ನೋಡಿದ್ದೇನೆ. ಆ ವಚನ ಅದಕ್ಕಲ್ಲ. ಅವಳಿಗೆ ಬೇಕಾದದ್ದು ಸುರಕ್ಷಿತ ಜಾಗ, ಪೊಲೀಸರು, ಜೊತೆಗೆ ನಿಲ್ಲುವ ಸಭೆ.

ಕೊನೆಗೆ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಯೇಸು ಮಾರ್ಥಳಿಗೆ ಅಡುಗೆ ಬಿಡು ಅನ್ನಲಿಲ್ಲ. 'ಮಾರ್ಥಳೇ, ಮಾರ್ಥಳೇ' ಅಂತ ಎರಡು ಸಲ ಹೆಸರು ಹಿಡಿದು ಕರೆದ. ಬಹಳ ವಿಷಯಗಳಿಗೆ ಚಿಂತೆ ಮಾಡ್ತೀಯ, ಬೇಕಾದದ್ದು ಒಂದೇ ಅಂದ. ಅವಳ ಕಥೆ ಅಲ್ಲಿಗೇ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಯೋಹಾನ 12 ಓದಿ. ಯೆಹೂದ್ಯರ ಪಸ್ಕ ಹಬ್ಬಕ್ಕೆ ಆರು ದಿನ ಮುಂಚೆ, ಮಾರ್ಥಳ ಊರು ಬೇಥಾನ್ಯದಲ್ಲಿ ಮತ್ತೆ ಊಟ. ಮತ್ತೆ ಮಾರ್ಥಳೇ ಬಡಿಸುತ್ತಿದ್ದಾಳೆ. ಮರಿಯ ಮತ್ತೆ ಪಾದದ ಹತ್ತಿರವೇ, ಈ ಸಲ ಬೆಲೆಬಾಳುವ ತೈಲ ಹಿಡಿದುಕೊಂಡು. ಮಾರ್ಥಳ ಬಾಯಿಂದ ಒಂದು ಗೊಣಗಾಟ ಇಲ್ಲ. ಈ ಸಲ ಲೆಕ್ಕ ತೆಗೆದವನು ಆಮೇಲೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ. ಆ ತೈಲ ಮಾರಿದ್ದರೆ ಮುನ್ನೂರು ಹಣ ಬರುತ್ತಿತ್ತು ಅಂತ.

ನಿಮಗೆ ನನ್ನ ಸಲಹೆ ಸಣ್ಣದು. ಮುಂದಿನ ಪ್ರೇಮಭೋಜನಕ್ಕೆ ಆರು ಬಗೆ ಬೇಡ, ಅನ್ನ, ಸಾರು, ಒಂದು ಪಲ್ಯ ಸಾಕು. ಶನಿವಾರ ಸಂಜೆ ಕಾಯಿ ತುರಿಯುವುದಕ್ಕೆ ಬರ್ತೀರಾ ಅಂತ ಇಬ್ಬರಿಗೆ ಫೋನ್ ಮಾಡಿ. 'ಎಲ್ಲರೂ ಬನ್ನಿ' ಅಂದರೆ ಯಾರೂ ಬರುವುದಿಲ್ಲ, ಹೆಸರು ಹಿಡಿದು ಕರೆಯಿರಿ. ಅವರು ಕಾಯಿಯನ್ನು ಕಂದು ಸಿಪ್ಪೆ ಸಮೇತ ತುರಿದು ಹಾಕಿಯಾರು, ಉಪ್ಪು ಒಂದು ಚಿಟಿಕೆ ಜಾಸ್ತಿಯಾದೀತು. ಅಷ್ಟು ಹೊತ್ತು ಹೊರಗೆ ಹೋಗಿ ಸೌದೆ ತನ್ನಿ.