ಪಂಪ್ ಬದಲಿಸುವ ಮೊದಲು ವೆಂಟ್ ವಾಲ್ವ್ ನೋಡಿ

ಕಂಡೆನ್ಸರ್ ಎಂದರೆ ಹಬೆಯನ್ನು ತಣಿಸಿ ನೀರಾಗಿಸುವ ಸಾಧನ: ಟ್ಯೂಬುಗಳೊಳಗೆ ಪಂಪ್ ತಳ್ಳುವ ತಣ್ಣೀರು, ಅವುಗಳ ಹೊರಗೆ, ಶೆಲ್ ಎಂಬ ದೊಡ್ಡ ಕವಚದೊಳಗೆ ಹಬೆ. ಅದು ಕೈಕೊಟ್ಟಿದೆ ಎಂದು ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಸರ್, ಇನ್ನೂ ದೊಡ್ಡ ಪಂಪ್ ಹಾಕಿಬಿಡೋಣ." ರೋಗ ಯಾವುದೆಂದು ತಿಳಿಯುವ ಮೊದಲೇ ಔಷಧದ ಚೀಟಿ ಸಿದ್ಧವಾಗಿರುತ್ತದೆ.

ನೀರಿನ ವೇಗ ಹೆಚ್ಚಿಸಿದರೆ ಪ್ರಯೋಜನವೇ ಇಲ್ಲವೆಂದಲ್ಲ. ಟ್ಯೂಬಿನೊಳಗಿನ ವೇಗ ಇಮ್ಮಡಿಯಾದರೆ ನೀರಿನ ಬದಿಯ ಶಾಖ ವರ್ಗಾವಣೆ ಗುಣಾಂಕ, ಅಂದರೆ ಶಾಖ ಎಷ್ಟು ಸಲೀಸಾಗಿ ದಾಟುತ್ತದೆಂಬ ಅಳತೆ, ಸುಮಾರು 1.7 ಪಟ್ಟಾಗುತ್ತದೆ. ಆದರೆ ಒತ್ತಡನಷ್ಟ ಹತ್ತಿರಹತ್ತಿರ ನಾಲ್ಕು ಪಟ್ಟು, ಪಂಪಿಗೆ ಬೇಕಾಗುವ ವಿದ್ಯುತ್ ಎಂಟು ಪಟ್ಟು. ಟ್ಯೂಬಿನೊಳಗೆ ಅರ್ಧ ಮಿಲಿಮೀಟರ್ ಸುಣ್ಣದ ಪದರ ಕಟ್ಟಿದ್ದರೆ ಅದೊಂದೇ ನೀರಿನ ಬದಿಯ ತಡೆಯಷ್ಟು ತಡೆ ಒಡ್ಡಬಲ್ಲದು. ಅದಕ್ಕೆ ಬ್ರಷ್ ಇದೆ, ಆಮ್ಲದ ತೊಳೆತ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಎಷ್ಟು ಹೇಳಿದರೂ ತಲೆಗೆ ಹತ್ತದಿರುವುದು ಶೆಲ್ಲಿನೊಳಗೆ ಸಿಕ್ಕಿಕೊಂಡ ಗಾಳಿಯ ವಿಷಯ.

"ಗಾಳಿ ಎಷ್ಟಿದ್ದೀತು, ನೂರಕ್ಕೆ ಒಂದು ಪಾಲೂ ಇರಲಾರದು" ಎನ್ನುತ್ತಾರೆ. ಅಷ್ಟೇ ಸಾಕು. ನಿಂತ ಹಬೆಯಲ್ಲಿ ಕೇವಲ 0.5% ಗಾಳಿ ಸೇರಿದರೂ ಸಾಂದ್ರೀಕರಣದ, ಅಂದರೆ ಹಬೆ ನೀರಾಗುವ ಬದಿಯ, ಗುಣಾಂಕ ಅರ್ಧದಷ್ಟು ಇಳಿಯುತ್ತದೆಂದು ಅಮೆರಿಕದ ರಾಸಾಯನಿಕ ಎಂಜಿನಿಯರ್ ಡೊನಾಲ್ಡ್ ಆತ್ಮರ್ 1929ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕಾರಣ ಇಷ್ಟು: ಹಬೆ ತಣ್ಣನೆಯ ಟ್ಯೂಬಿನತ್ತ ಧಾವಿಸುವಾಗ ಗಾಳಿಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಹಬೆ ನೀರಾಗಿ ಕೆಳಗಿಳಿಯುತ್ತದೆ, ಗಾಳಿಗೆ ಹೋಗಲು ದಾರಿಯಿಲ್ಲ. ಜರಡಿ ಹಿಡಿದಾಗ ಹಿಟ್ಟು ಇಳಿದು ತೌಡು ಮೇಲೆ ಉಳಿಯುವಂತೆ, ಟ್ಯೂಬಿನ ಮೈಮೇಲೆ ಗಾಳಿ ಉಳಿಯುತ್ತಾ ದಟ್ಟವಾಗುತ್ತದೆ. ಶೆಲ್ಲಿನಲ್ಲಿ ಸರಾಸರಿ ಎಷ್ಟೇ ಇರಲಿ, ಟ್ಯೂಬಿಗೆ ತಾಗಿದ ಆ ತೆಳು ಪದರದಲ್ಲಿ ಅದರ ಹಲವು ಪಟ್ಟು ಇರುತ್ತದೆ. ಹಿಂದೆ ಬರುವ ಹಬೆ ಆ ಪದರವನ್ನು ನುಸುಳಿಕೊಂಡೇ ಟ್ಯೂಬ್ ಮುಟ್ಟಬೇಕು. ಈ ತಡೆಯನ್ನು ನೀರಿನ ಬದಿಯ ಪಂಪ್ ಹೇಗೆ ತೆಗೆದೀತು?

ಒಮ್ಮೆ ಒಂದು ಕಾರ್ಖಾನೆಯವರು ಟ್ಯೂಬುಗಳನ್ನೆಲ್ಲ ಬದಲಿಸುವ ನಿರ್ಧಾರಕ್ಕೆ ಸಹಿ ಹಾಕಲೆಂದು ನನ್ನನ್ನು ಕರೆಸಿದ್ದರು. ವಾತಾವರಣಕ್ಕಿಂತ ತುಸು ಹೆಚ್ಚು ಒತ್ತಡದಲ್ಲಿ ಓಡುವ ಕಂಡೆನ್ಸರ್. ಥರ್ಮಾಮೀಟರ್ ಹಿಡಿದು ಶೆಲ್ಲಿನ ಉದ್ದಕ್ಕೂ ನಡೆದೆ. ಮೂರರಲ್ಲಿ ಮೊದಲ ಎರಡು ಪಾಲು ಕುದಿಯುವ ಬಿಸಿ. ಕೊನೆಯ ಪಾಲು ತಣ್ಣೀರಿನ ಪೈಪಿನಷ್ಟೇ ತಣ್ಣಗೆ. ಆ ತುದಿಯಲ್ಲಿ ಗಾಳಿ ಹೊರಬಿಡಲೆಂದೇ ಇರುವ ವೆಂಟ್ ವಾಲ್ವಿನ ಹಿಡಿಗೆ ತಂತಿ ಸುತ್ತಿ ಬಿಗಿದಿದ್ದರು. ಹಿರಿಯ ಆಪರೇಟರ್ ಮುಜುಗರದಿಂದಲೇ ಹೇಳಿದರು: "ನಾನೇ ಮುಚ್ಚಿಸಿದ್ದು ಸರ್, ಹಬೆ ಸುಮ್ಮನೆ ಪೋಲಾಗುತ್ತಿತ್ತು." ಬೈಯಲು ಮನಸ್ಸಾಗಲಿಲ್ಲ. ಹಬೆಯ ಬೆಲೆ ಬಲ್ಲವರು ಅಲ್ಲಿ ಅವರೊಬ್ಬರೇ ಇದ್ದರು. ತಂತಿ ಬಿಚ್ಚಿ ವಾಲ್ವ್ ಸ್ವಲ್ಪ ತೆರೆದೆವು. ಅರ್ಧ ಗಂಟೆಯೊಳಗೆ ಕೊನೆಯ ಪಾಲೂ ಬಿಸಿಯಾಯಿತು.

ನಿರ್ವಾತದಲ್ಲಿ ಓಡುವ ಕಂಡೆನ್ಸರಿನಲ್ಲಿ ಪರೀಕ್ಷೆ ಇನ್ನೂ ಸುಲಭ. ನಿರಪೇಕ್ಷ ಒತ್ತಡ (ಪೂರ್ಣ ನಿರ್ವಾತವನ್ನು ಸೊನ್ನೆಯೆಂದು ಎಣಿಸಿದ್ದು) 12.3 ಕಿಲೋಪಾಸ್ಕಲ್ ಇದ್ದರೆ ಶುದ್ಧ ಹಬೆಯ ತಾಪ 50 ಡಿಗ್ರಿ ಸೆಲ್ಸಿಯಸ್ ಇರಬೇಕು. ವೆಂಟ್ ಬಳಿ 40 ಡಿಗ್ರಿ ತೋರಿಸಿದರೆ ಆ ಒತ್ತಡದಲ್ಲಿ ಹಬೆಯ ಪಾಲು ಸುಮಾರು 7.4 ಕಿಲೋಪಾಸ್ಕಲ್ ಮಾತ್ರ, ಉಳಿದ ಸುಮಾರು 5 ಗಾಳಿಯದು. ಆದರೆ ಇಷ್ಟಕ್ಕೇ ತೀರ್ಪು ಕೊಡಬೇಡಿ. ವೆಂಟ್ ಬಳಿ ಕೆಲವು ಡಿಗ್ರಿ ಕಡಿಮೆ ಇರುವುದು ಸಹಜ, ಗೇಜ್ ಸುಳ್ಳು ಹೇಳುತ್ತಿರಬಹುದು, ತಳದಲ್ಲಿ ನೀರು ನಿಂತು ಟ್ಯೂಬುಗಳು ಮುಳುಗಿದ್ದರೂ ಶೆಲ್ಲಿನ ಆ ಭಾಗ ತಣ್ಣಗೇ ಇರುತ್ತದೆ. ನಾನಂತೂ ಗೇಜ್ ಪರೀಕ್ಷಿಸದೆ ಬಾಯಿ ಬಿಡುವುದಿಲ್ಲ.

ವೆಂಟ್ ಎಲ್ಲಿರಬೇಕೆಂಬುದೂ ಮುಖ್ಯ. ಹಬೆಯ ಓಟ ಕೊನೆಗೊಳ್ಳುವ, ಅತಿ ತಣ್ಣಗಿನ ಜಾಗದಲ್ಲಿ ಇರಬೇಕು. ಹಬೆ ಒಳಬರುವ ಬಾಯಿಯ ಪಕ್ಕದಲ್ಲೇ ವೆಂಟ್ ಕೊರೆದಿರುವುದನ್ನೂ ಕಂಡಿದ್ದೇನೆ. ಅಲ್ಲಿಂದ ಹೋಗುವುದು ನಿಜಕ್ಕೂ ಹಬೆಯೇ. ಶೀತಕ ಅನಿಲದ ಕಂಡೆನ್ಸರಾದರೆ ಬಯಲಿಗೆ ಬಿಡುವಂತಿಲ್ಲ, ಗಾಳಿಯನ್ನು ಬೇರ್ಪಡಿಸಿ ಹೊರಹಾಕಲೆಂದೇ ಇರುವ ಪರ್ಜ್ ಘಟಕ ಬೇಕು. ಗಾಳಿ ತೆಗೆದ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಂಡರೆ, ಒತ್ತಡ ವಾತಾವರಣಕ್ಕಿಂತ ಕಡಿಮೆ ಇರುವ ಕಡೆಯ ಗ್ಲ್ಯಾಂಡ್ (ತಿರುಗುವ ದಂಡದ ಸುತ್ತಲಿನ ಬಿಗಿ), ಗ್ಯಾಸ್ಕೆಟ್, ವಾಲ್ವಿನ ಕಾಂಡಗಳಲ್ಲಿ ಗಾಳಿ ಸೋರಿ ಒಳಬರುತ್ತಿದೆಯೇ ಎಂದು ಒಂದೊಂದಾಗಿ ನೋಡಿ.