‘ಘಾಂಟಿ’ ಅಂದರೆ ಕೇಸ್ ಹಾಕಬಹುದಾ?

ಓದುಗರ ಪ್ರಶ್ನೆ: ನಾವು ಗದಗ ಕಡೆಯವರು, ಗೋವಾದ ವಾಸ್ಕೋದಲ್ಲಿ 22 ವರ್ಷದಿಂದ ಇದ್ದೇವೆ. ಮಗ ಇಲ್ಲೇ ಎಂ.ಎ. ಓದುತ್ತಿದ್ದಾನೆ. ಅವನ ಕ್ಯಾಂಪಸ್‌ನಲ್ಲಿ ‘ಜನಾಂಗೀಯ ನ್ಯಾಯ ಮತ್ತು ಕಾನೂನು’ ಅಂತ ಒಂದು ಬಹಿರಂಗ ಚರ್ಚೆ ಇತ್ತಂತೆ. ಅಮೆರಿಕ, ಆಫ್ರಿಕಾ ಎಲ್ಲಾ ಬಂತಂತೆ. ಕೊನೆಗೆ ಇವನು ಎದ್ದು, ‘ಇಲ್ಲಿ ನಮ್ಮನ್ನು ಘಾಂಟಿ ಅಂತಾರಲ್ಲ, ಅದೂ ರೇಸಿಸಂ ಅಲ್ವಾ?’ ಎಂದು ಕೇಳಿದ್ದಕ್ಕೆ ಅರ್ಧ ಸಭೆ ನಕ್ಕಿತಂತೆ. ಕಾನೂನಿನಲ್ಲಿ ಇದಕ್ಕೆ ಉತ್ತರ ಇದೆಯಾ?

ಇದೇ ಪ್ರಶ್ನೆಯನ್ನು ಬೈನಾದವರು ಕೇಳಿದ್ದಾರೆ, ಝುವಾರಿನಗರದವರು ಕೇಳಿದ್ದಾರೆ, ಮಾಪ್ಸಾ ಮಾರ್ಕೆಟ್‌ನಲ್ಲಿ ತರಕಾರಿ ಮಾರುವ ನಮ್ಮ ಹೆಂಗಸರೂ ಕೇಳಿದ್ದಾರೆ. ನಿಮ್ಮ ಮಗ ಮೈಕ್ ಹಿಡಿದು ಕೇಳಿದ, ಅಷ್ಟೇ ವ್ಯತ್ಯಾಸ. ನಕ್ಕವರಿಗೂ ಉತ್ತರ ಗೊತ್ತಿರಲಿಲ್ಲ ಅಂತ ನನ್ನ ಅನುಮಾನ. ಗೊತ್ತಿದ್ದರೆ ಹೇಳುತ್ತಿದ್ದರು.

ಪದದಿಂದಲೇ ಶುರು ಮಾಡೋಣ. ಚೋರ್ಲಾ ಘಾಟ್, ಅನಮೋಡ ಘಾಟ್ ಇಳಿದು ಬಂದವನು ಘಾಟಿ. ಕೊಂಕಣಿ ಬಾಯಲ್ಲಿ ಅದು ಮೂಗಿನಿಂದ ಹೊರಟು ಘಾಂಟಿ ಆಗುತ್ತದೆ. ಇದರಲ್ಲಿ ಬೈಗುಳ ಎಲ್ಲಿದೆ? ಉಡುಪಿ, ಮಂಗಳೂರಿನವರು ನಮ್ಮನ್ನೇ ‘ಘಟ್ಟದವರು’ ಅನ್ನೋದಿಲ್ವಾ?

ಎಲ್ಲಿದೆ ಅನ್ನೋದು ನನಗೆ ಗೊತ್ತಾಗಿದ್ದು ಬಾಡಿಗೆ ಮನೆ ಹುಡುಕುವಾಗ. ಮಡಗಾಂವ್‌ನಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ಮನೆಯೊಡತಿ ಕೀಲಿ ಗೊಂಚಲು ಹಿಡಿದು ಹೊರಗೆ ಬಂದರು. ಒಳ್ಳೆಯ ಹೆಂಗಸು, ನೀರು ಕೊಟ್ಟರು. ಊರು ಯಾವುದು ಅಂದರು. ಧಾರವಾಡ ಅಂದೆ. ಒಳಗಿಂದ ಯಾರೋ ಏನೋ ಕೇಳಿದರು. ಅವರು ತಲೆ ತಿರುಗಿಸಿ ಒಂದೇ ಪದ ಹೇಳಿದರು. ಕೀಲಿ ಮತ್ತೆ ಜೇಬಿಗೆ ಹೋಯಿತು. ಮನೆ ನಿನ್ನೆಯೇ ಹೋಯಿತು ಅಂತ ಆಮೇಲೆ ಹಿಂದಿಯಲ್ಲಿ ಹೇಳಿದರು. ಅವತ್ತು ನಾನು ಕದಂಬ ಬಸ್ ಹತ್ತಿ ವಾಪಸ್ ಬಂದೆ. ಕನ್ನಡದಲ್ಲಿ ಶಾಸನ ಬರೆಸಿದ ಗೋವಾ ಕದಂಬರ ಹೆಸರಿನ ಬಸ್ಸು. ಟಿಕೆಟ್‌ಗೆ ಯಾರೂ ಊರು ಕೇಳಲಿಲ್ಲ.

ಆ ಮನೆಯೊಡತಿ ಕಾನೂನು ಮುರಿದರಾ? ಇಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ನೋಡಿ ಭೇದ ಮಾಡಬಾರದು ಅನ್ನುತ್ತದೆ. ಆದರೆ ಅದು ಮೊದಲಿಗೆ ಕಟ್ಟಿಹಾಕುವುದು ಸರ್ಕಾರವನ್ನು. ಅಂಗಡಿ, ಹೋಟೆಲ್, ಕೆರೆ, ಬಾವಿ, ರಸ್ತೆಗಳ ಮಟ್ಟಿಗೆ ಜನಸಾಮಾನ್ಯರನ್ನೂ ಕಟ್ಟಿಹಾಕುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಇನ್ನೊಂದು ವಿಷಯ, 15ನೇ ವಿಧಿ ಇರೋದು ಭಾರತದ ಪ್ರಜೆಗಳಿಗೆ ಮಾತ್ರ. ಇಲ್ಲಿ ಓದಲು ಬಂದ ನೈಜೀರಿಯಾದ ಹುಡುಗನಿಗೆ ದಿಕ್ಕು 14 ಮತ್ತು 21ನೇ ವಿಧಿಗಳು. ಅವು ‘ಪ್ರಜೆ’ ಅನ್ನುವುದಿಲ್ಲ, ‘ವ್ಯಕ್ತಿ’ ಅನ್ನುತ್ತವೆ.

ಇನ್ನು ‘ಜನಾಂಗ’ ಅನ್ನುವ ಪದ. ಸಭೆ ನಕ್ಕಿದ್ದು ಇದರಿಂದಲೇ ಇರಬೇಕು. ರೇಸ್ ಅಂದರೆ ಕಪ್ಪು-ಬಿಳಿ, ಅದು ಅಮೆರಿಕದ್ದು, ಗದಗದವರಿಗೂ ಗೋವಾದವರಿಗೂ ಮಧ್ಯೆ ಎಲ್ಲಿಯ ರೇಸ್ ಅಂತ. ನಮ್ಮ ಕನ್ನಡದಲ್ಲಂತೂ ಇದು ಇನ್ನೂ ಗೋಜಲು. ‘ನೀವು ಯಾವ ಜನಾಂಗ?’ ಅಂತ ನಮ್ಮೂರಲ್ಲಿ ಕೇಳಿದರೆ ಅದು ಜಾತಿ ಕೇಳುವ ಮರ್ಯಾದಸ್ಥ ರೀತಿ. ಕನ್ನಡದ ಸಂವಿಧಾನದಲ್ಲಿ ರೇಸ್‌ಗೆ ‘ಮೂಲವಂಶ’ ಅನ್ನುತ್ತಾರೆ.

ಜನಾಂಗೀಯ ಭೇದದ ವಿರುದ್ಧ ವಿಶ್ವಸಂಸ್ಥೆ 1965ರಲ್ಲಿ ಒಂದು ಒಪ್ಪಂದ ಮಾಡಿತು. ಭಾರತ 1968ರಲ್ಲಿ ಒಪ್ಪಿಕೊಂಡಿತು. ಅದರಲ್ಲಿ ಬಣ್ಣ, ಮೂಲವಂಶದ ಜೊತೆಗೆ ‘ಸಂತತಿ’, ಅಂದರೆ ಯಾರ ವಂಶದಲ್ಲಿ ಹುಟ್ಟಿದವರು ಅನ್ನುವ ಅರ್ಥದ ಪದವೂ ಇದೆ. ಆ ಪದ ಸೇರಿಸಿ ಎಂದು ಸೂಚಿಸಿದ್ದೇ ಭಾರತ. 2001ರಲ್ಲಿ ಜನಾಂಗೀಯ ಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ ಡರ್ಬನ್ ಸಮ್ಮೇಳನದಲ್ಲಿ ಜಾತಿಯೂ ಇದರೊಳಗೆ ಬರುತ್ತದೆ ಎಂದು ದಲಿತ ಸಂಘಟನೆಗಳು ಹೇಳಿದಾಗ, ಇಲ್ಲ ಬರೋದಿಲ್ಲ ಎಂದಿದ್ದೂ ಭಾರತ ಸರ್ಕಾರವೇ. ಹಾಗಾಗಿ ಯಾವುದು ರೇಸ್, ಯಾವುದು ಅಲ್ಲ ಅನ್ನುವ ಜಗಳ ನಿಮ್ಮ ಮಗ ಶುರು ಮಾಡಿದ್ದಲ್ಲ.

ಒಳ್ಳೆಯದೇನೆಂದರೆ, ಕ್ರಿಮಿನಲ್ ಕಾನೂನಿಗೆ ಈ ಜಗಳ ಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ (ಹಳೆಯ ಐಪಿಸಿಯ 153ಎ) ಗುಂಪುಗಳ ನಡುವೆ ದ್ವೇಷ ಹಚ್ಚುವುದನ್ನು ಅಪರಾಧ ಅನ್ನುತ್ತದೆ. ಧರ್ಮ, ಮೂಲವಂಶದ ಪಕ್ಕದಲ್ಲೇ ಹುಟ್ಟಿದ ಊರು, ವಾಸದ ಊರು, ಭಾಷೆ ಎಲ್ಲಾ ಅದರಲ್ಲಿವೆ. 3 ವರ್ಷದವರೆಗೆ ಜೈಲು. ‘ಘಾಂಟಿಗಳನ್ನು ಹೊಡೆದು ಓಡಿಸಿ’ ಅಂತ ಒಬ್ಬ ಚೌಕದಲ್ಲಿ ನಿಂತು ಭಾಷಣ ಮಾಡಿದರೆ ಈ ಕಲಂ ಬರುತ್ತದೆ. ಕ್ಯಾಂಟೀನ್‌ನಲ್ಲಿ ಒಬ್ಬ ಇನ್ನೊಬ್ಬನಿಗೆ ‘ಏ ಘಾಂಟಿ, ಪಕ್ಕಕ್ಕೆ ಸರಿ’ ಅಂದರೆ ಬರುವುದಿಲ್ಲ. ಗುಂಪನ್ನು ಗುಂಪಿನ ಮೇಲೆ ಎತ್ತಿಕಟ್ಟುವ ಉದ್ದೇಶ ಬೇಕು. ಅದೂ ಅಲ್ಲದೆ, ಪೊಲೀಸರು ಎಫ್‌ಐಆರ್ ಮಾಡಿದರೂ ಸರ್ಕಾರದ ಅನುಮತಿ ಇಲ್ಲದೆ ಕೋರ್ಟು ಆ ಕೇಸನ್ನು ಕೈಗೆತ್ತಿಕೊಳ್ಳುವುದಿಲ್ಲ. ಒಬ್ಬನನ್ನು ಕೆಣಕಿ ಜಗಳ ತೆಗೆಯಲೆಂದೇ ಅವಮಾನ ಮಾಡಿದರೆ 352ನೇ ಕಲಂ ಇದೆ, 2 ವರ್ಷದವರೆಗೆ. ಆದರೆ ಮ್ಯಾಜಿಸ್ಟ್ರೇಟ್ ಹೇಳದೆ ಪೊಲೀಸರು ಅದನ್ನು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ‘ಎನ್‌ಸಿ’ ಅಂತ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ದೂರು ಅಂತ, ಬರೆದು ಕಳಿಸುವುದು ಅದಕ್ಕೇ.

ಬರೀ ಮಾತಿನ ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಲಂ ಬೇಕು ಎಂದು ಕೇಳಿದ್ದುಂಟು. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಕೂದಲು ನೋಡಿ ಅಂಗಡಿಯವರು ಗೇಲಿ ಮಾಡಿದರು. ಮಾತು ಹೊಡೆದಾಟವಾಯಿತು, ಹುಡುಗ ಸತ್ತ. ಆಮೇಲೆ ಬಂದ ಬೆಜ್‌ಬರುವಾ ಸಮಿತಿ ಇಂಥ ಅವಮಾನಕ್ಕೇ ಹೊಸ ಕಲಂ ಸೇರಿಸಿ ಎಂದಿತು. ಹೊಸ ಸಂಹಿತೆ ಬರೆಯುವಾಗಲೂ ಅದು ಸೇರಲಿಲ್ಲ. ಸೇರಿದ್ದು ಇಷ್ಟು: ಐದು ಅಥವಾ ಜಾಸ್ತಿ ಜನ ಸೇರಿ ಮೂಲವಂಶ, ಜಾತಿ, ಹುಟ್ಟಿದ ಊರು, ಭಾಷೆಯಂಥ ಕಾರಣಕ್ಕೆ ಕೊಂದರೆ ಗಲ್ಲು ಅಥವಾ ಜೀವಾವಧಿ, ತೀವ್ರವಾಗಿ ಗಾಯ ಮಾಡಿದರೆ 7 ವರ್ಷದವರೆಗೆ. ಅಂದರೆ ಏಟು ಬಿದ್ದ ಮೇಲೆ ಕಾನೂನು ಜೋರಾಗಿದೆ. ಮಾತಿನ ಹಂತದಲ್ಲಿ ಮೆತ್ತಗಿದೆ.

ಮೆತ್ತಗಿರಲಿ ಅನ್ನುವವರೂ ಇದ್ದಾರೆ, ನಾನೂ ಅವರಲ್ಲಿ ಅರ್ಧ ಒಬ್ಬ. ಯಾಕೆಂದರೆ ದ್ವೇಷ ಹಚ್ಚುವುದರ ಆ 196ನೇ ಕಲಂ ತಿರುಗಿ ನಿಮ್ಮ ಮಗನ ಮೇಲೆ ಬೀಳಬಹುದು. ‘ಗೋವಾದವರು ನಮ್ಮನ್ನು ಘಾಂಟಿ ಅಂತಾರೆ’ ಎಂದು ಸಭೆಯಲ್ಲಿ ಹೇಳಿದ್ದೇ ದ್ವೇಷ ಹಚ್ಚಿದಂತೆ ಅಂತ ಒಬ್ಬ ದೂರು ಕೊಟ್ಟರೆ? ಸುಮ್ನೆ ಹೆದರಿಸುತ್ತಿಲ್ಲ. ಶಿಲ್ಲಾಂಗ್‌ನ ಸಂಪಾದಕಿ ಪ್ಯಾಟ್ರಿಶಿಯಾ ಮುಖಿಮ್ ಅವರಿಗೆ ಆದದ್ದು ಇದೇ. ಹೊರಗಿನ ಹುಡುಗರ ಮೇಲೆ ಹಲ್ಲೆಯಾಯಿತು, ಸರ್ಕಾರ ಸುಮ್ಮನಿದೆ ಎಂದು ಅವರು ಫೇಸ್‌ಬುಕ್‌ನಲ್ಲಿ ಬರೆದರು. ಅವರ ಮೇಲೇ ಕೇಸ್ ಬಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೊಲ್ಹಾಪುರದ ಒಬ್ಬ ಪ್ರಾಧ್ಯಾಪಕರ ವಾಟ್ಸ್ಆ್ಯಪ್ ಸ್ಟೇಟಸ್ ಮೇಲೆ ಹಾಕಿದ್ದ 153ಎ ಕೇಸನ್ನೂ 2024ರಲ್ಲಿ ಕಿತ್ತುಹಾಕಿತು. ಮಾತನ್ನು ತೂಗಬೇಕಾದ್ದು ಗಟ್ಟಿ ಮನಸ್ಸಿನ, ವಿವೇಕವಿರುವ ಜನರ ತಕ್ಕಡಿಯಲ್ಲಿ, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲರ ತಕ್ಕಡಿಯಲ್ಲಲ್ಲ ಅನ್ನುವುದು ಆ ತೀರ್ಪಿನ ಸಾರ. ಹಾಗಾಗಿ ಕ್ಯಾಂಪಸ್ ಚರ್ಚೆಯಲ್ಲಿ ಎದ್ದು ಪ್ರಶ್ನೆ ಕೇಳಿದ್ದು ಅಪರಾಧವಲ್ಲ. ನಕ್ಕಿದ್ದೂ ಅಲ್ಲ ಬಿಡಿ.

ಒಂದು ಕಾಯ್ದೆ ಮಾತ್ರ ಮಾತಿನ ಹಂತದಲ್ಲೇ ಗಟ್ಟಿಯಾಗಿ ಹಿಡಿಯುತ್ತದೆ, 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. ಎಸ್‌ಸಿ, ಎಸ್‌ಟಿ ವ್ಯಕ್ತಿಯನ್ನು ಆ ಗುರುತಿಗಾಗಿಯೇ ಹೀನಾಯ ಮಾಡಲು ನಾಲ್ಕು ಜನ ನೋಡುವ ಜಾಗದಲ್ಲಿ ಬೈದರೆ 6 ತಿಂಗಳಿಂದ 5 ವರ್ಷ. ಬೈದವನು ಎಸ್‌ಸಿ ಅಥವಾ ಎಸ್‌ಟಿ ಆಗಿರಬಾರದು. ಜನ ಕೂತಿರುವ ಸಭಾಂಗಣ ‘ನೋಡುವ ಜಾಗ’ವೇ. ಈಶಾನ್ಯದ ಬುಡಕಟ್ಟಿನವರನ್ನು ‘ಚಿಂಕಿ’ ಅಂದರೆ ಇದೇ ಕಾಯ್ದೆ ಬಳಸಿ ಎಂದು ಕೇಂದ್ರ ಗೃಹ ಇಲಾಖೆ 2012ರಲ್ಲಿ ರಾಜ್ಯಗಳಿಗೆ ಬರೆದಿತ್ತು.

ಇಲ್ಲಿ ನಮ್ಮವರಿಗೊಂದು ತೊಡಕು ಇತ್ತು. ಗೋವಾದ ಬೀಚುಗಳಲ್ಲಿ ಮಣಿಸರ ಮಾರುವ ಲಂಬಾಣಿ ಹೆಂಗಸರು ಕರ್ನಾಟಕದಲ್ಲಿ ಎಸ್‌ಸಿ. ಗೋವಾದ ಪಟ್ಟಿಯಲ್ಲಿ ಲಂಬಾಣಿ ಇಲ್ಲ. ಘಟ್ಟ ಇಳಿದ ಕೂಡಲೇ ಕಾಯ್ದೆಯ ರಕ್ಷಣೆ ಹೋಯಿತಾ? ಹೋಗುವುದಿಲ್ಲ ಎಂದು 2023ರಲ್ಲಿ ಬಾಂಬೆ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೂರ್ಣ ಪೀಠ ಹೇಳಿತು. ಒಂದು ರಾಜ್ಯದಲ್ಲಿ ಎಸ್‌ಸಿ, ಎಸ್‌ಟಿ ಆದವರಿಗೆ ದೌರ್ಜನ್ಯ ದೇಶದ ಎಲ್ಲಿ ನಡೆದರೂ ಅಲ್ಲೇ ಈ ಕಾಯ್ದೆಯ ರಕ್ಷಣೆ ಇದೆ. ಗೋವಾ ಇರೋದು ಅದೇ ಹೈಕೋರ್ಟಿನ ಕೆಳಗೆ. ಮೀಸಲಾತಿಯ ಮಾತು ಬೇರೆ, ಅದು ಗಡಿ ದಾಟುವುದಿಲ್ಲ. ರಕ್ಷಣೆ ದಾಟುತ್ತದೆ.

ನನ್ನ ಪರಿಚಯದ ಒಬ್ಬ ಸಿದ್ದಿ ಹುಡುಗ ಹಳಿಯಾಳದವನು, ಕೆಲಸಕ್ಕೆ ಪಣಜಿಗೆ ಬರುತ್ತಾನೆ. ಕನ್ನಡ, ಕೊಂಕಣಿ ಎರಡೂ ನೀರು ಕುಡಿದಂತೆ. ಅಂಗಡಿಗಳಲ್ಲಿ ಅವನೊಂದಿಗೆ ಎಲ್ಲರೂ ಇಂಗ್ಲಿಷಿನಲ್ಲೇ ಶುರು ಮಾಡುತ್ತಾರೆ. ‘ಯಾವ ಕಂಟ್ರಿ?’ ಅಂತ ಒಬ್ಬ ಕೇಳಿದ್ದಕ್ಕೆ ‘ಹಳಿಯಾಳ ತಾಲೂಕು’ ಅಂದನಂತೆ. ಅವನ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ಇಳಿಸಿದ್ದೇ ಇದೇ ಗೋವಾದಲ್ಲಿ, ಪೋರ್ಚುಗೀಸರ ಕಾಲದಲ್ಲಿ. ಇಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮೊಮ್ಮಕ್ಕಳು ಈಗ ಘಟ್ಟ ಇಳಿದು ಬಂದರೆ ‘ಹೊರಗಿನವರು’. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಎಸ್‌ಟಿ ಪಟ್ಟ ಸಿಕ್ಕಿತು. ಗೋವಾದ ಕುಣಬಿ, ಗಾವಡಾ, ವೇಳಿಪರಿಗೂ ಅದೇ 2003ರಲ್ಲಿ.

ನಮ್ಮ ಕಡೆಯ ಲೆಕ್ಕವನ್ನೂ ಹೇಳಬೇಕಲ್ವಾ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟದ ಹತ್ತಿರ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಅಟ್ಟಾಡಿಸಿ ಹೊಡೆದಾಗ, ಗುಂಪಿನ ಸಿಟ್ಟಿಗೆ ಕಾರಣವಾದ ಅಪಘಾತ ಮಾಡಿದವನು ಬೇರೆ ದೇಶದ ಬೇರೆಯೊಬ್ಬ. ಅವಳ ಬಣ್ಣ ಮಾತ್ರ ಅವನಂತೆ ಇತ್ತು. ಗದಗದ ಹುಡುಗನ ಪ್ರಶ್ನೆಗೆ ನಕ್ಕವರ ಮೇಲೆ ಸಿಟ್ಟು ಬರುವಾಗ ನನಗೆ ಇದೂ ನೆನಪಾಗುತ್ತದೆ.

ನಿಮ್ಮ ಮಗ ಎಸ್‌ಸಿ, ಎಸ್‌ಟಿ ಅಲ್ಲದಿದ್ದರೆ? ಆಗ ಅವನ ಕೈಯಲ್ಲಿರುವ ಒಳ್ಳೆಯ ಅಸ್ತ್ರ ಠಾಣೆಯಲ್ಲಿಲ್ಲ, ಕಾಲೇಜಿನ ಕಪಾಟಿನಲ್ಲಿದೆ. ಅಡ್ಮಿಷನ್ ದಿನ ರ‍್ಯಾಗಿಂಗ್ ಮಾಡುವುದಿಲ್ಲ ಅಂತ ಒಂದು ಮುಚ್ಚಳಿಕೆಗೆ ಅವನೂ ಸಹಿ ಹಾಕಿದ್ದಾನೆ, ನೀವೂ ಹಾಕಿದ್ದೀರಿ. ಓದದೇ ಹಾಕಿರುತ್ತೀರಿ, ಎಲ್ಲರೂ ಹಾಗೇ. ಅದರ ಹಿಂದಿರುವ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ 2009ರದ್ದು. 2016ರಲ್ಲಿ ಅದಕ್ಕೊಂದು ಸಾಲು ಸೇರಿಸಿದರು. ಬಣ್ಣ, ಮೂಲವಂಶ, ಜಾತಿ, ರೂಪ, ರಾಷ್ಟ್ರೀಯತೆ, ಯಾವ ಸೀಮೆಯವನು, ಯಾವ ಭಾಷೆಯವನು, ಹುಟ್ಟಿದ್ದೆಲ್ಲಿ, ಇರೋದೆಲ್ಲಿ, ಹಣಕಾಸು ಹೇಗೆ ಅನ್ನುವುದನ್ನು ಹಿಡಿದು ಯಾವ ವಿದ್ಯಾರ್ಥಿಗಾದರೂ ಕಿರುಕುಳ ಕೊಟ್ಟರೆ, ಗುಂಪಿನಿಂದ ಹೊರಗಿಟ್ಟರೂ ಕೂಡ, ಅದು ರ‍್ಯಾಗಿಂಗ್. ಹೊಸಬನೇ ಆಗಿರಬೇಕು ಅಂತಿಲ್ಲ, ಎಂ.ಎ. ಎರಡನೇ ವರ್ಷದವನೂ ಆಗಬಹುದು. ‘ಘಾಂಟಿ’ಗೆ ಇದಕ್ಕಿಂತ ಸರಿಯಾಗಿ ಹೊಂದುವ ಸಾಲು ನಮ್ಮ ಕಾನೂನಿನಲ್ಲಿ ನಾನು ನೋಡಿಲ್ಲ. ರೇಸ್ ಹೌದೋ ಅಲ್ಲವೋ ಅನ್ನುವ ತಲೆನೋವೇ ಇಲ್ಲ. ಶಿಕ್ಷೆ ಅಮಾನತಿನಿಂದ ಹಿಡಿದು ಕಾಲೇಜಿನಿಂದ ತೆಗೆದುಹಾಕುವವರೆಗೆ ಹೋಗುತ್ತದೆ.

ಒಂದು ಸಲ ನಕ್ಕಿದ್ದಕ್ಕೆ ಇದನ್ನು ಎತ್ತಬೇಡಿ, ನಿಲ್ಲುವುದಿಲ್ಲ. ಆದರೆ ಆ ಸಭೆಯ ಮಾರನೇ ದಿನದಿಂದ ಅವನನ್ನು ಹಾಗೇ ಕರೆಯಲು ಶುರು ಮಾಡಿದ್ದರೆ, ಕ್ಲಾಸಿನ ಗ್ರೂಪ್‌ನಿಂದ ತೆಗೆದಿದ್ದರೆ, ಹಾಸ್ಟೆಲ್ ಮೆಸ್ಸಿನಲ್ಲಿ ಪಕ್ಕ ಕೂರುವವರು ಎದ್ದು ಹೋಗುತ್ತಿದ್ದರೆ, ಆಗ ಎತ್ತಿ. ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ಬರೆದು ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ದೇಶದ ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ.

ದೂರು ಬರೆಯುವಾಗ ನಮ್ಮವರು ಮಾಡುವ ತಪ್ಪು ಒಂದೇ. ‘ಕೆಟ್ಟ ಮಾತು ಆಡಿದರು’, ‘ಹೇಳಬಾರದ ಪದ ಅಂದರು’ ಅಂತ ಬರೆಯುತ್ತಾರೆ. ಮರ್ಯಾದೆಗೆ ಅಂಜಿ. ಸಮಿತಿಯವರು ಓದಿ, ಯಾವ ಪದ ಅಂತ ಕೇಳುತ್ತಾರೆ, ಇವರು ನೆಲ ನೋಡುತ್ತಾರೆ. ಅಂದ ಪದವನ್ನೇ ಬರೆಯಲಿ. ಘಾಟಿ ಅಂದರೆ ಘಾಟಿ, ಘಾಂಟಿ ಅಂದರೆ ಘಾಂಟಿ, ಸೊನ್ನೆ ಸಮೇತ. ಯಾರು, ಯಾವತ್ತು, ಎಷ್ಟು ಗಂಟೆಗೆ, ಪಕ್ಕದಲ್ಲಿ ಯಾರಿದ್ದರು, ಅದೂ ಇರಲಿ.